'ಮಂಥನೇನ್'ಗೆ ಕನ್ನಡದಲ್ಲಿ ಯಾವುದು: ಕಲಿ, ತಿಳಿ, ತಲೆಗೆ ಹತ್ತು?

ಗೆಳೆಯರೇ,

ಪ್ಲೇಟೋನ 'ಯೂಥಿಡೀಮಸ್' ಸಂವಾದದ ಒಂದು ತುಣುಕನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಕ್ರಿಯಾಪದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ: ಗ್ರೀಕಿನ 'ಮಂಥನೇನ್'. (ನಮ್ಮ 'ಮಂಥನ'ಕ್ಕೂ ಇದಕ್ಕೂ ನಂಟಿಲ್ಲ, ಸದ್ದು ಮಾತ್ರ ಹತ್ತಿರ.) ಅದಕ್ಕೆ ಕಲಿಯುವುದು ಅನ್ನುವ ಅರ್ಥವೂ ಇದೆ, ಅರ್ಥ ಮಾಡಿಕೊಳ್ಳುವುದು ಅನ್ನುವ ಅರ್ಥವೂ ಇದೆ. ಇಡೀ ಪ್ರಸಂಗ ನಿಂತಿರುವುದೇ ಈ ಎರಡರ ನಡುವಿನ ಸಂದಿಯಲ್ಲಿ.

ನಡೆಯುವ ಜಾಗ ಅಥೆನ್ಸ್‌ನ ಲೈಸಿಯಮ್ ಅನ್ನುವ ವ್ಯಾಯಾಮಶಾಲೆ. ಯೂಥಿಡೀಮಸ್, ಡಯೊನಿಸೊಡೋರಸ್ ಅನ್ನುವ ಅಣ್ಣತಮ್ಮಂದಿರು ವಾದದಲ್ಲಿ ಯಾರನ್ನು ಬೇಕಾದರೂ ಕೆಡವುವವರು. ಎದುರಿಗೆ ಕ್ಲೈನಿಯಾಸ್ ಅನ್ನುವ ಹುಡುಗ. ಮಂಥನೇನ್ ಮಾಡುವವರು ಯಾರು, ಬಲ್ಲವರೋ ಅರಿಯದವರೋ ಅಂತ ಯೂಥಿಡೀಮಸ್ ಕೇಳುತ್ತಾನೆ. ಹುಡುಗನ ಮುಖ ಕೆಂಪಾಗುತ್ತದೆ. ಡಯೊನಿಸೊಡೋರಸ್ ಸಾಕ್ರಟೀಸನ ಕಡೆ ಬಾಗಿ, ನಗುತ್ತಾ, ಇವನು ಏನು ಉತ್ತರ ಕೊಟ್ಟರೂ ಸೋಲುತ್ತಾನೆ ಅಂತ ಕಿವಿಯಲ್ಲಿ ಪಿಸುಗುಡುತ್ತಾನೆ.

ಹುಡುಗ 'ಬಲ್ಲವರು' ಅನ್ನುತ್ತಾನೆ. ಹಾಗಾದರೆ ಲೈರ್ (ಒಂದು ತಂತಿವಾದ್ಯ) ಕಲಿಸುವ ಮೇಷ್ಟ್ರ ಹತ್ತಿರ, ಅಕ್ಷರ ಕಲಿಸುವ ಮೇಷ್ಟ್ರ ಹತ್ತಿರ ಹೋಗುತ್ತಿದ್ದಾಗ ನಿನಗೆ ಅದು ಮೊದಲೇ ಬರುತ್ತಿತ್ತಾ? ಇಲ್ಲ. ಅಂದರೆ ಅರಿಯದವರೇ. ಜೊತೆಗಿದ್ದವರೆಲ್ಲ ನಕ್ಕು ಗದ್ದಲ ಮಾಡುತ್ತಾರೆ. ಹುಡುಗ ಉಸಿರು ತೆಗೆದುಕೊಳ್ಳುವ ಮೊದಲೇ ಅಣ್ಣ ಡಯೊನಿಸೊಡೋರಸ್ ಶುರು ಮಾಡುತ್ತಾನೆ. ಮೇಷ್ಟ್ರು ಪಾಠವನ್ನು ಬಾಯಲ್ಲಿ ಹೇಳುತ್ತಿದ್ದಾಗ ಮಂಥನೇನ್ ಮಾಡುತ್ತಿದ್ದವರು ಯಾರು? ಬಲ್ಲವರು, ಅನ್ನುತ್ತಾನೆ ಹುಡುಗ. ನೋಡು, ಈಗಷ್ಟೇ ಅರಿಯದವರು ಅಂತ ಒಪ್ಪಿಕೊಂಡಿದ್ದೆ!

ಮೊದಲ ಸುತ್ತಿನಲ್ಲಿ ಅದು ಕಲಿಕೆ, ಎರಡನೆಯದರಲ್ಲಿ ಅರ್ಥ ಆಗುವುದು. ನನ್ನ ತೊಡಕು ಇಲ್ಲೇ.

'ಕಲಿ' ಇಟ್ಟರೆ ಮೊದಲ ಸುತ್ತು ಸಲೀಸು. ಆದರೆ ಮೇಷ್ಟ್ರು ಹೇಳಿದ ಸಾಲು ಅರ್ಥ ಆಯಿತು ಅನ್ನುವುದಕ್ಕೆ ನಾವು 'ಸಾಲು ಕಲಿತೆ' ಅನ್ನುವುದಿಲ್ಲ, ಅಲ್ವಾ? ಎರಡನೇ ಸುತ್ತು ಅಲ್ಲೇ ಬಿದ್ದುಹೋಗುತ್ತದೆ.

'ತಿಳಿ' ಇಟ್ಟರೆ ಎರಡನೇ ಸುತ್ತು ಚೆನ್ನಾಗಿ ಕೂರುತ್ತದೆ. ಇನ್ನೊಂದು ಲಾಭವೂ ಇದೆ. ಗ್ರೀಕಿನಲ್ಲಿ 'ಅರಿಯದವನು' ಅನ್ನುವುದಕ್ಕೆ ಇರುವ 'ಅಮಥೇಸ್' ಇದೇ ಧಾತುವಿನಿಂದ ಬಂದದ್ದು. 'ತಿಳಿಯುವವರು ಯಾರು, ಬಲ್ಲವರೋ ತಿಳಿಯದವರೋ?' ಅಂದರೆ ಮೂಲದ ಆ ಪ್ರಾಸದಂಥ ಕಟ್ಟು ತಾನಾಗಿಯೇ ಬರುತ್ತದೆ. ಇದು ಹೊಳೆದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಲೈರ್ ಬಂದ ಕೂಡಲೇ ಕಾಲು ತಡವರಿಸುತ್ತದೆ. ಈಜು, ವೀಣೆ, ಸೈಕಲ್ಲು, ಇವನ್ನೆಲ್ಲ ನಾವು ಕಲಿಯುತ್ತೇವೆ, ತಿಳಿಯುವುದಿಲ್ಲ.

ಮೂರನೆಯದು 'ತಲೆಗೆ ಹತ್ತು'. 'ವಿದ್ಯೆ ತಲೆಗೆ ಹತ್ತಲಿಲ್ಲ' ಅಂದರೆ ಕಲಿಯಲಿಲ್ಲ. 'ನೀವು ಹೇಳಿದ್ದು ತಲೆಗೆ ಹತ್ತಲಿಲ್ಲ' ಅಂದರೆ ಅರ್ಥ ಆಗಲಿಲ್ಲ. ಎರಡೂ ದಿನಬಳಕೆಯ ಮಾತೇ. ಆದರೆ ಇಲ್ಲಿ ಹುಡುಗ ಏನೂ ಮಾಡುವುದಿಲ್ಲ, ವಿದ್ಯೆ ತಾನಾಗಿ ಬಂದು ಹತ್ತುತ್ತದೆ. ಗ್ರೀಕಿನ ಹುಡುಗ ಮಂಥನೇನ್ ಅನ್ನು ತಾನೇ ಮಾಡುವವನು.

ಅಡಿಟಿಪ್ಪಣಿ ಹಾಕಿ ಮುಗಿಸಿ ಅಂತ ಕೆಲವರು ಹೇಳಿದರು. ನನಗೆ ಮನಸ್ಸಿಲ್ಲ. ಇದಾದ ಮೇಲೆ ಇಂಥದೇ ಇನ್ನೊಂದು ಪ್ರಶ್ನೆಯೂ ಮುಗಿದು, ಮೂರನೆಯದು ಶುರುವಾಗುವ ಹೊತ್ತಿಗೆ ಸಾಕ್ರಟೀಸ್ ನಡುವೆ ಬಂದು ಹುಡುಗನಿಗೆ ಸಮಾಧಾನ ಹೇಳುತ್ತಾನೆ. ಮೊದಲು ಪದಗಳ ಸರಿಯಾದ ಬಳಕೆ ಗೊತ್ತಿರಬೇಕು ಅಂತ ಪ್ರೊಡಿಕಸ್ ಅನ್ನುವ ಸೋಫಿಸ್ಟ (ಹಣ ಪಡೆದು ವಾದವಿದ್ಯೆ ಕಲಿಸುವವನು) ಹೇಳುತ್ತಾನೆ, ಗೊತ್ತಿಲ್ಲದ್ದನ್ನು ಹೊಸದಾಗಿ ಪಡೆಯುವುದಕ್ಕೂ ಗೊತ್ತಿರುವುದರ ಬಲದಿಂದ ಇನ್ನೊಂದನ್ನು ನೋಡುವುದಕ್ಕೂ ಜನ ಒಂದೇ ಪದ ಬಳಸುತ್ತಾರೆ, ಅಂತ ಬಿಡಿಸಿ ಹೇಳುತ್ತಾನೆ. ಕೂರಲು ಹೋದವನ ಹಿಂದಿನಿಂದ ಮಣೆ ಎಳೆದು, ಅವನು ಅಂಗಾತ ಬಿದ್ದಾಗ ನಗುವವರಿಗೆ ಈ ಆಟವನ್ನು ಹೋಲಿಸುತ್ತಾನೆ. ಓದುಗರೂ ಮೊದಲು ಬಿದ್ದಿರಬೇಕು. ಆಮೇಲೆ ತಾನೇ ಸಾಕ್ರಟೀಸ್ ಕೈಹಿಡಿದು ಎಬ್ಬಿಸುವುದು?

ಇದಕ್ಕೆ ಹೊಂದಿಕೊಂಡ ಎರಡನೇ ಪ್ರಶ್ನೆ. ಸೋಫಿಸ್ಟರ ಕುತರ್ಕಗಳನ್ನು ಬಿಡಿಸುವ ತನ್ನ ಗ್ರಂಥದಲ್ಲಿ ಅರಿಸ್ಟಾಟಲ್ ಮಾತಿನಿಂದ ಹುಟ್ಟುವ 6 ಬಗೆಯ ಮೋಸ ಹೇಳುತ್ತಾನೆ. ಮೊದಲನೆಯದಕ್ಕೆ ಅವನು ಕೊಡುವ ಉದಾಹರಣೆ ಇದೇ ಮಂಥನೇನ್. ಆ ಪದವನ್ನು 'ಹೊಮೋನುಮೊನ್' ಅನ್ನುತ್ತಾನೆ. ಅಲ್ಲಿಗೆ 'ನಾನಾರ್ಥ ಪದ' ಸಾಕು. ಆದರೆ 'ಕ್ಯಾಟಗರೀಸ್' ಗ್ರಂಥದ ಮೊದಲ ಸಾಲಿನಲ್ಲಿ ಅವನು ಹೊಮೋನುಮೊನ್ ಅನ್ನುವುದು ಪದಕ್ಕಲ್ಲ, ವಸ್ತುಗಳಿಗೆ: ಮನುಷ್ಯನೂ 'ಜೋಯೊನ್' (ಪ್ರಾಣಿ, ಚಿತ್ರ ಎರಡಕ್ಕೂ ಗ್ರೀಕಿನಲ್ಲಿ ಇದೇ ಪದ), ಬರೆದ ಚಿತ್ರವೂ 'ಜೋಯೊನ್', ಹೆಸರೊಂದೇ, ಏನು ಅನ್ನುವುದು ಬೇರೆ ಬೇರೆ. ಮನುಷ್ಯನನ್ನೂ ಚಿತ್ರವನ್ನೂ 'ನಾನಾರ್ಥ' ಅನ್ನುವುದು ಹೇಗೆ? 'ಒಂದೇ ಹೆಸರಿನವು' ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಎರಡೂ ಕಡೆ ನಿಲ್ಲುವ ಒಂದು ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಮೊದಲ ಪ್ರಶ್ನೆಗೆ ನನ್ನ ಒಲವು ಇನ್ನೂ 'ತಿಳಿ' ಕಡೆಗೇ. ಧಾರವಾಡ, ಬೆಳಗಾವಿ ಕಡೆ 'ತಿಳೀಲಿಲ್ಲ' ಅನ್ನುವುದು ನಮ್ಮ ಕಡೆಗಿಂತ ಜಾಸ್ತಿ. ಅಲ್ಲಿಯವರನ್ನೇ ಕೇಳುತ್ತೇನೆ: ಮೇಷ್ಟ್ರ ಹತ್ತಿರ ಕೂತು ವಾದ್ಯ ನುಡಿಸಲು ಕಲಿಯುವುದಕ್ಕೂ ನಿಮ್ಮ ಮಾತಿನಲ್ಲಿ 'ತಿಳಿ' ಒಗ್ಗುತ್ತದೆಯೇ?