ಸೀಲಿಯಾಕ್ ಮಗು: ಪಥ್ಯವಿದ್ದರೂ ಟಿಟಿಜಿ ಹೆಚ್ಚು, ಮನಸ್ಸೂ ಮಂಕು

ಪ್ರಶ್ನೆ: 9 ವರ್ಷದ ಮಗುವಿಗೆ ಸೀಲಿಯಾಕ್, ಅಂದರೆ ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ. ಗ್ಲುಟೆನ್ ಬಿಟ್ಟು 8 ತಿಂಗಳು. ಹೊಟ್ಟೆನೋವು ನಿಂತಿದೆ, ಟಿಟಿಜಿ (ಈ ಕಾಯಿಲೆಗೆ ರಕ್ತದಲ್ಲಿ ಅಳೆಯುವ ಪ್ರತಿಕಾಯ) ಮಾತ್ರ ಹೆಚ್ಚೇ ಇದೆ. ಗೆಳೆಯರ ಹುಟ್ಟುಹಬ್ಬಕ್ಕೂ ಒಲ್ಲೆ ಅನ್ನುತ್ತಾನೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1: ಅಂಕಿ ಇಳಿಮುಖವಾಗಿದ್ದರೆ ಗಾಬರಿ ಬೇಡ, ಶುರುವಿನಲ್ಲಿ ತೀರಾ ಏರಿದ್ದರೆ ಸಹಜಕ್ಕೆ ಬರಲು 1–2 ವರ್ಷ ಹಿಡಿಯಬಹುದು. ಇಳಿಯದಿದ್ದರೆ ಟೋಸ್ಟರ್, ಜರಡಿ, ಮರದ ಸೌಟು ಬೇರೆ ಮಾಡಿ, ಅವುಗಳಲ್ಲಿ ಗೋಧಿಯ ಕಣ ಉಳಿದಿರಬಹುದು. ಬೇಯಿಸಿದರೆ ಗ್ಲುಟೆನ್ ಹೋಗದು. ‘ಗೋಧಿ ಇಲ್ಲ’ ಅಂತ ಬರೆದ ಪೊಟ್ಟಣದಲ್ಲಿ ಬಾರ್ಲಿ ಇರಬಹುದು. ‘ಗ್ಲುಟೆನ್ ರಹಿತ’ಕ್ಕೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕಿಲೋಗೆ 20 ಮಿಲಿಗ್ರಾಂ.

ಉತ್ತರ 2: ಹುಟ್ಟುಹಬ್ಬದ ಮೆನು ಮೊದಲೇ ಕೇಳಿ, ನೋಡಲು ಅದೇ ಥರದ ತಿನಿಸು ಕಳಿಸಿ. ಗ್ಲುಟೆನ್ ರಹಿತ ಕೇಕ್ ತುಂಡುಗಳು ಫ್ರೀಜರಿನಲ್ಲಿ ಸದಾ ಇರಲಿ. ‘ಬೇಡ’ ಅನ್ನುವ ಮಾತನ್ನು ಅವನೇ ಹೇಳಲು ಕಲಿಯಲಿ, ನೀವು ಅಡ್ಡ ಬಾಯಿ ಹಾಕಬೇಡಿ. ಸೀಲಿಯಾಕ್ ಇರುವ 8–18 ವಯಸ್ಸಿನವರ ಜೀವನದ ಗುಣಮಟ್ಟ ಅಳೆಯಲೆಂದೇ ಸಿಡಿಡಿಯುಎಕ್ಸ್ ಎಂಬ 12 ಪ್ರಶ್ನೆಗಳ ಪಟ್ಟಿಯಿದೆ, ವೈದ್ಯರನ್ನು ಕೇಳಿ.

ಉತ್ತರ 3: ತರಗತಿಯ ಆಟದ ಹಿಟ್ಟು ಗೋಧಿಯದೇ? ಸಾಬೂನಿನಲ್ಲೇ ಕೈ ತೊಳೆಸಿ. ಸ್ಯಾನಿಟೈಸರ್ ಗ್ಲುಟೆನ್ ತೆಗೆಯದು.