‘ರೌಂಡ್’ ನಾಮಪದವೋ ಕ್ರಿಯಾಪದವೋ? ಮಗಳ ಉತ್ತರಗಳು ತಪ್ಪುತ್ತಿವೆ

ಪ್ರಶ್ನೆ (ಚಿತ್ರದುರ್ಗ)

ಒಂಬತ್ತನೆಯ ತರಗತಿಯ ನನ್ನ ಮಗಳು ಇಂಗ್ಲಿಷ್ ಪದಗಳನ್ನೂ ಅವುಗಳ ಪಾರ್ಟ್ಸ್ ಆಫ್ ಸ್ಪೀಚ್‌ಗಳನ್ನೂ ನಿಘಂಟಿನಿಂದ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಿದ್ದಾಳೆ. ಆದರೂ ಕಿರುಪರೀಕ್ಷೆಯಲ್ಲಿ ‘ರೌಂಡ್’ ಪದಕ್ಕೆ ಗೆರೆ ಎಳೆದಿದ್ದ ಐದು ವಾಕ್ಯಗಳಿಗೂ ‘ಗುಣವಾಚಕ’ ಎಂದೇ ಬರೆದಳು. ಒಂದು ಮಾತ್ರ ಸರಿಯಾಯಿತು. ಅವಳು ಎಡವುತ್ತಿರುವುದು ಎಲ್ಲಿ?

ಉತ್ತರ (ದಾವಣಗೆರೆ)

ಪಟ್ಟಿಯಲ್ಲಿಯೇ. ದಯವಿಟ್ಟು ಅದನ್ನು ಬದಿಗಿಟ್ಟು ನಿಮ್ಮ ಊರಿನ ಕೋಟೆಯಿಂದ ಆರಂಭಿಸಿ. ‘ಏಳು ಸುತ್ತಿನ ಕೋಟೆ’ ಎನ್ನುವಾಗ ‘ಸುತ್ತು’ ನಾಮಪದ; ‘ಕೋಟೆಯನ್ನು ಸುತ್ತಿದನು’ ಎನ್ನುವಾಗ ಅದೇ ಕ್ರಿಯಾಪದ. ಇಲ್ಲಿ ಯಾವ ಮಗುವೂ ತಡವರಿಸುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಪ್ರತ್ಯಯವೇ ಪದದ ಗುರುತು ಹೇಳಿಬಿಡುತ್ತದೆ. ಹಳೆಯ ಇಂಗ್ಲಿಷಿಗೂ ಇಂಥ ಅಂತ್ಯಗಳಿದ್ದವು: ಪ್ರೀತಿಗೆ ‘ಲುವು’, ಪ್ರೀತಿಸುವುದಕ್ಕೆ ‘ಲುವಿಯನ್’. ಸುಮಾರು 1100ರಿಂದ 1500ರವರೆಗಿನ ಕಾಲದಲ್ಲಿ ಆ ಅಂತ್ಯಗಳು ಸವೆದುಹೋಗಿ ಎರಡೂ ‘ಲವ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಅಂದಿನಿಂದ ಗುರುತು ಹೇಳುವ ಹೊಣೆ ವಾಕ್ಯದಲ್ಲಿ ಪದ ನಿಂತ ಜಾಗದ ಮೇಲೆ ಬಿದ್ದಿತು.

ಆದ್ದರಿಂದ ಅಕ್ಕಪಕ್ಕದ ಪದಗಳನ್ನು ನೋಡುವುದನ್ನು ಕಲಿಸಿ. ‘ದಿ ಸೆಕೆಂಡ್ ರೌಂಡ್’ ಎಂಬಲ್ಲಿ ‘ದಿ’ಯಿಂದ ಹೊರಟ ಪದಗುಚ್ಛ ‘ರೌಂಡ್’ನಲ್ಲಿ ಮುಗಿದಿದೆ, ನಾಮಪದ. ‘ಎ ರೌಂಡ್ ಸ್ಟೋನ್’ನಲ್ಲಿ ಅದು ಕಲ್ಲಿನ ಆಕಾರವನ್ನು ಹೇಳುತ್ತದೆ, ಗುಣವಾಚಕ. ‘ದಿ ಬಸ್ ವಿಲ್ ರೌಂಡ್ ದಿ ಕಾರ್ನರ್’ನಲ್ಲಿ ‘ವಿಲ್’ ಆದ ಮೇಲೆ ಬಂದಿದೆ, ಕ್ರಿಯಾಪದ.

ಮಕ್ಕಳು ನಿಜವಾಗಿ ತೊಡಕಿಗೆ ಸಿಲುಕುವುದು ‘ವಿ ವಾಕ್ಡ್ ರೌಂಡ್ ದಿ ಫೋರ್ಟ್’ ಮತ್ತು ‘ದಿ ವೀಲ್ ವೆಂಟ್ ರೌಂಡ್’ ಎಂಬ ಜೋಡಿಯಲ್ಲಿ. ಮೊದಲನೆಯದರಲ್ಲಿ ‘ರೌಂಡ್’ ತನ್ನ ಮುಂದಿರುವ ‘ದಿ ಫೋರ್ಟ್’ ಅನ್ನು ಹಿಡಿದುಕೊಂಡಿರುವುದರಿಂದ ಪ್ರಿಪೊಸಿಷನ್. ಎರಡನೆಯದರಲ್ಲಿ ಹಿಡಿದುಕೊಳ್ಳಲು ಮುಂದೆ ಏನೂ ಇಲ್ಲದ ಕಾರಣ ಕ್ರಿಯಾವಿಶೇಷಣ. ನಾವು ‘ಕೋಟೆಯ ಸುತ್ತ’ ಎಂದು ನಾಮಪದವನ್ನು ಮೊದಲೇ ಹೇಳುವವರಾದ್ದರಿಂದ ಕಣ್ಣು ಹಿಂದಕ್ಕೇ ಹೋಗುತ್ತದೆ. ಇಲ್ಲಿ ಮುಂದಕ್ಕೆ ನೋಡಬೇಕು.

ಪ್ರಶ್ನೆ (ಚಿತ್ರದುರ್ಗ)

ಹಾಗಾದರೆ ‘ಸ್ಟೋನ್ ವಾಲ್’ನಲ್ಲಿ ‘ಸ್ಟೋನ್’ ಗುಣವಾಚಕವೇ?

ಉತ್ತರ (ದಾವಣಗೆರೆ)

ಜಾಗ ಗುಣವಾಚಕದ್ದು, ಪದ ನಾಮಪದವೇ. ‘ವೆರಿ ರೌಂಡ್’ ಎನ್ನಬಹುದು, ‘ವೆರಿ ಸ್ಟೋನ್’ ಎನ್ನಲಾಗದು. ನಮ್ಮ ‘ಕಲ್ಲುಗೋಡೆ’ಯಲ್ಲಿಯೂ ‘ಕಲ್ಲು’ ನಾಮಪದವಾಗಿಯೇ ಉಳಿಯುತ್ತದೆಯಲ್ಲವೇ? ಆದರೆ ಕೆಲವು ಶಾಲಾ ವ್ಯಾಕರಣಗಳು ಇದನ್ನು ಗುಣವಾಚಕವೆಂದೇ ಎಣಿಸುತ್ತವೆ. ಅಂಕಗಳ ವಿಷಯವಾದ್ದರಿಂದ ಅವಳ ಶಿಕ್ಷಕರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ನಿನ್ನೆ ರಾತ್ರಿ ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಕೊಟ್ಟೆ. ಕೊನೆಯ ವಾಕ್ಯದಲ್ಲಿ ಪೆನ್ಸಿಲ್ ತುದಿಯನ್ನು ‘ರೌಂಡ್’ನಿಂದ ಮುಂದಕ್ಕೆ ಸರಿಸಿ, “ಇಲ್ಲಿ ಪೂರ್ಣವಿರಾಮ ಬಿಟ್ಟರೆ ಏನೂ ಇಲ್ಲ” ಎಂದು ಹೇಳಿ, ತಾನಾಗಿಯೇ ‘ಕ್ರಿಯಾವಿಶೇಷಣ’ ಎಂದು ಬರೆದಳು. ತಮಗೆ ಹೃತ್ಪೂರ್ವಕ ಧನ್ಯವಾದಗಳು.