ಗ್ಯಾರೇಜಿನ ಮೈಕು, ಚರ್ಚಿನ ಮೈಕು: ನಿಮ್ಮ ಕಿವಿ ಯಾರನ್ನು ನಂಬುತ್ತೆ?

ಕಿಟಕಿ ಸೀಟು:
ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು: ಚರ್ಚಿನಲ್ಲಿ ಬೋಧಿಸುವವರ ಮಾತು ಹೆಚ್ಚು ನಿಜವೋ, ಕಾಮಿಡಿಯನ್‌ಗಳದ್ದೋ? ಇಲ್ಲಿ ಪಾಡ್‌ಕಾಸ್ಟ್ ಕೇಳುವವರು ಜಾಸ್ತಿ ಇದ್ದೀರಿ, ಅದಕ್ಕೇ ಹಾಕುತ್ತಿದ್ದೇನೆ.

ದಿನಾ ಕೆಂಗೇರಿಯಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹೋಗುವಾಗ ಟಿಮ್ ಕೆಲ್ಲರ್ ಅವರ ಪ್ರಸಂಗ (ಚರ್ಚಿನ ಬೋಧನೆ), ಬರುವಾಗ ಮಾರ್ಕ್ ಮ್ಯಾರನ್. ಕೆಲ್ಲರ್ 1989ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ರಿಡೀಮರ್ ಸಭೆ, ಅಂದರೆ ಚರ್ಚು, ಕಟ್ಟಿದ ಪಾಸ್ಟರ್. 2023ರಲ್ಲಿ ತೀರಿಕೊಂಡರು. ಹಳೆಯ ಪ್ರಸಂಗಗಳು 'ಗಾಸ್ಪೆಲ್ ಇನ್ ಲೈಫ್' ಪಾಡ್‌ಕಾಸ್ಟಿನಲ್ಲಿ ಸಿಗುತ್ತವೆ. ಮ್ಯಾರನ್ ಸ್ಟ್ಯಾಂಡ್‌ಅಪ್ ಕಾಮಿಡಿಯನ್. 2009ರಲ್ಲಿ ರೇಡಿಯೊ ಕೆಲಸ ಹೋಗಿ, ಮದುವೆಯೂ ಮುರಿದುಬಿದ್ದಿದ್ದ ಹೊತ್ತಿನಲ್ಲಿ 'ಡಬ್ಲ್ಯುಟಿಎಫ್' ಪಾಡ್‌ಕಾಸ್ಟ್ ಶುರುಮಾಡಿದರು, 2025ರಲ್ಲಿ ನಿಲ್ಲಿಸಿದರು. ಲಾಸ್ ಏಂಜಲಿಸ್‌ನ ಮನೆಯ ಗ್ಯಾರೇಜೇ ಅವರ ಸ್ಟುಡಿಯೊ. 2015ರಲ್ಲಿ ಅಧ್ಯಕ್ಷರಾಗಿದ್ದ ಒಬಾಮಾ ಕೂಡ ಅದೇ ಗ್ಯಾರೇಜಿಗೆ ಬಂದು ಮಾತಾಡಿ ಹೋದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬಾಮಾ ಬಂದ ಕಂತಲ್ಲ, ಶುರುವಿನ ಕಂತುಗಳು. ಮ್ಯಾರನ್ ಹಿಂದೆ ಯಾರ ಜೊತೆ ಜಗಳ ಆಡಿದ್ದರೋ, ಯಾರನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದರೋ, ಅಂಥ ಕಾಮಿಡಿಯನ್‌ಗಳನ್ನೇ ಕರೆದು ಎದುರಿಗೆ ಕೂರಿಸಿಕೊಳ್ಳುತ್ತಾರೆ. ಕ್ಷಮೆ ಕೇಳುತ್ತಾರೆ. ಏಳುವ ಮುಂಚೆ ಒಂದು ಪ್ರಶ್ನೆ ಬರುತ್ತೆ: ನಮ್ಮಿಬ್ಬರ ಮಧ್ಯೆ ಈಗ ಎಲ್ಲ ಸರಿ ತಾನೇ?

ಮತ್ತಾಯ 5ರಲ್ಲಿ ಯೇಸು ಹೇಳುವುದು ಇದನ್ನೇ ಅಲ್ವಾ? ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಬೇಜಾರಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ರಾಜಿಯಾಗು. ಹಾಸನದ ನಮ್ಮ ಸಭೆಯಲ್ಲಿ ಚಿಕ್ಕಂದಿನಿಂದ ಈ ವಚನ ಕೇಳಿದ್ದೇನೆ. ಒಬ್ಬ ಮನುಷ್ಯ ಅದನ್ನು ನಿಜವಾಗಿ ಮಾಡುವುದನ್ನು ಕಿವಿಯಾರೆ ಕೇಳಿದ್ದು ಮಾತ್ರ ಆ ಗ್ಯಾರೇಜಿನಿಂದ. ಮ್ಯಾರನ್ ಹುಟ್ಟಿದ್ದು ಯಹೂದಿ ಮನೆಯಲ್ಲಿ, ಯೇಸುವಿನ ಮಾತು ಪಾಲಿಸಬೇಕು ಅಂತ ಹೊರಟವರೇ ಅಲ್ಲ.

ನನಗನಿಸುವುದು ಇಷ್ಟು. ಪ್ರಸಂಗ ಮಾಡುವವರು ಕೊನೆಯ ಉತ್ತರ ಹೇಳುತ್ತಾರೆ. ಕಾಮಿಡಿಯನ್‌ಗಳು ತಾವು ಎಡವಿದ ಜಾಗ ತೋರಿಸುತ್ತಾರೆ. ಹಾಗಾಗಿ ಅವರ ಮಾತೇ ಹೆಚ್ಚು ನಿಜ. ಒಪ್ಪದವರು ಹೇಳಿ.

ನೇತ್ರಾವತಿ ದಡ:
ನಾನು ಒಪ್ಪುವುದಿಲ್ಲ. ಪ್ರಸಂಗ ಅನ್ನುವುದು ಪ್ರಸಂಗ ಮಾಡುವವರ ಬಗ್ಗೆ ಅಲ್ಲ. ಪಾದ್ರಿ ತನ್ನ ಮುರಿದ ಮದುವೆಯ ಕಥೆ ಹೇಳಲಿ ಅಂತ ನಾವು ಹೋಗಿ ಕೂರುತ್ತೇವಾ?

ನಾನು ಫಾದರ್ ಮೈಕ್ ಶ್ಮಿಟ್ಸ್ ಅವರ 'ಬೈಬಲ್ ಇನ್ ಎ ಇಯರ್' ಪೂರ್ತಿ ಕೇಳಿದವಳು. 2021ರ ಜನವರಿ 1ರಂದು ಶುರುವಾದದ್ದು. 365 ಕಂತು, ಒಂದೊಂದೂ ಹೆಚ್ಚುಕಡಿಮೆ 20-25 ನಿಮಿಷ. ಮೊದಲು ಓದು, ಆಮೇಲೆ ಪ್ರಾರ್ಥನೆ, ಕೊನೆಗೆ ನಾಲ್ಕು ಮಾತು ವಿವರಣೆ. ಅಮೆರಿಕದಲ್ಲಿ ಆಪಲ್ ಪಾಡ್‌ಕಾಸ್ಟ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಹೋಗಿತ್ತು. ಬೆಳಗ್ಗೆ ಮೀನು ಕೊಯ್ಯುವಾಗ ಅಡುಗೆಮನೆಯ ಕಿಟಕಿ ಮೇಲೆ ಫೋನ್ ಇಟ್ಟುಕೊಂಡು ಕೇಳುತ್ತಿದ್ದೆ.

ಬೈಬಲ್ಲಿನ ಅರಣ್ಯಕಾಂಡ ಅನ್ನುವ ಪುಸ್ತಕ ಬಂತು. ಯಾವ ಕುಲದಲ್ಲಿ ಯುದ್ಧಕ್ಕೆ ಹೋಗಬಲ್ಲ ಗಂಡಸರು ಎಷ್ಟು, ಇನ್ನೊಂದು ಕುಲದಲ್ಲಿ ಎಷ್ಟು, ಬರೀ ಲೆಕ್ಕ. ಬಂಗುಡೆಯ ಕಿವಿರು ತೆಗೆಯುತ್ತಾ ಇದನ್ನು ಹಾರಿಸಿಬಿಡೋಣ ಅನಿಸಿತು. ಕೈಯೆಲ್ಲ ಮೀನು, ಫೋನ್ ಮುಟ್ಟುವ ಹಾಗಿರಲಿಲ್ಲ. ಅವರು ಒಂದು ಹೆಸರನ್ನೂ ಬಿಡದೆ ಓದುತ್ತಾ ಹೋದರು. ಸ್ವಲ್ಪ ಹೊತ್ತಿಗೆ ನನಗೇ ಅರ್ಥವಾಯಿತು. ಇದು ನನ್ನ ಮನಸ್ಸಿಗೆ ಹಿಡಿಸಲಿ ಅಂತ ಇರುವುದಲ್ಲ. ಆ ಮನೆಗಳು ಇದ್ದವು, ಯಾರೋ ಅವರನ್ನು ಎಣಿಸಿದ್ದರು.

ನಮ್ಮ ಕೊಂಕಣಿಯಲ್ಲಿ ಪ್ರಸಂಗಕ್ಕೆ ಸೆರ್ಮಾಂವ್ ಅನ್ನುತ್ತೇವೆ. ಒಳ್ಳೆಯ ಸೆರ್ಮಾಂವ್ ಕೇಳಿ ಬಂದ ಮೇಲೆ ಪಾದ್ರಿಯ ಮುಖ ನೆನಪಿರಬಾರದು, ಓದಿದ ಬೈಬಲ್ ವಾಕ್ಯ ನೆನಪಿರಬೇಕು ಅಂತ ನನ್ನ ಅಮ್ಮ ಹೇಳುತ್ತಿದ್ದರು. ನಿಮ್ಮ ಗ್ಯಾರೇಜಿನಲ್ಲಿ ನೆನಪುಳಿಯುವುದು ಮನುಷ್ಯ. ಎರಡೂ ಬೇರೆ ಬೇರೆ ಕೆಲಸ.

ಹಲಸಿನ ತೊಳೆ:
ಕಿಟಕಿ ಸೀಟು ಅವರೇ, ನೀವು ನಮ್ಮ ಕಡೆಯವರನ್ನೇ ಹೊಗಳಿದ್ದೀರಿ, ಆದರೂ ಒಂದು ತಕರಾರಿದೆ. ನಾನು ಬೆಂಗಳೂರಿನಲ್ಲಿ ಓಪನ್ ಮೈಕ್ (ಹೊಸಬರೂ ಸ್ಟೇಜ್ ಹತ್ತಬಹುದಾದ ಕಾಮಿಡಿ ಶೋ) ಮಾಡುತ್ತೇನೆ. ಕಾಮಿಡಿಯನ್ ಗಾಯವನ್ನು ಹಾಗೇ ತೆರೆದಿಡುತ್ತಾನೆ ಅಂತ ತಿಳಿಯಬೇಡಿ. ಅದು ಕಸುಬು.

ಮೈಕ್ ಬರ್ಬಿಗ್ಲಿಯಾ ಅವರ 'ವರ್ಕಿಂಗ್ ಇಟ್ ಔಟ್' ಕೇಳಿ. 2020ರಲ್ಲಿ ಶುರುವಾಯಿತು. ಅರ್ಧಂಬರ್ಧ ಬರೆದ ಜೋಕುಗಳನ್ನು ಇನ್ನೊಬ್ಬ ಕಾಮಿಡಿಯನ್ ಎದುರು ಓದುತ್ತಾರೆ. ಕೆಲವಕ್ಕೆ ನಗುವೇ ಬರಲ್ಲ. ಆಗ ಇಬ್ಬರೂ ಕೂತು, ಇಲ್ಲಿ ನೀನು ಅಮ್ಮನ ಕಡೆ ಇದ್ದೀಯೋ ಅಪ್ಪನ ಕಡೆಯೋ, ಈ ಪದ ಮೊದಲೇ ಬಂದುಬಿಟ್ಟಿತಲ್ಲ, ಅನ್ನೋ ಥರದ ಮಾತು. ಬರ್ಬಿಗ್ಲಿಯಾ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ಪ್ರತಿ ಕಂತಿನ ಕೊನೆಗೆ ಅತಿಥಿ ಹೇಳಿದ ಒಂದು ಸೇವಾಸಂಸ್ಥೆಗೆ ದುಡ್ಡು ಕೊಡುತ್ತಾರೆ.

ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಬೆಡ್‌ನವರ ಹತ್ತಿರ ನನ್ನ ಸಂಬಳವನ್ನು ದಿನಕ್ಕೆ 5 ಸಾವಿರ ಏರಿಸಿ ಹೇಳುತ್ತಿದ್ದರು. ಡಿಸ್ಚಾರ್ಜ್ ದಿನ ಬಿಲ್ಲು ಬಂದಾಗ ಆ ವಾರ್ಡಿನಲ್ಲಿ ಯಾರಿಗೂ ನನ್ನ ಮೇಲೆ ಕನಿಕರ ಇರಲಿಲ್ಲ. ಇದನ್ನು ಮೊದಲ ಸಲ ಸ್ಟೇಜಿನಲ್ಲಿ ಹೇಳಿದಾಗ ಜನ ಗಪ್‌ಚಿಪ್. 'ಕ್ಯಾನ್ಸರ್' ಅನ್ನೋ ಪದ ಮೊದಲ ಸಾಲಿನಲ್ಲೇ ಇತ್ತು. ಅದನ್ನು ತೆಗೆದು ಬರೀ 'ವಾರ್ಡು' ಅಂದೆ. ಮೂರನೇ ವಾರ ನಕ್ಕರು. ಈಗ ಹೇಳಿ, ನಾನು ಸುಳ್ಳು ಹೇಳಿದೆನಾ? ಇಲ್ಲ. ಆದರೆ ಎಲ್ಲವನ್ನೂ ಹೇಳಲೂ ಇಲ್ಲ. ಕೇಳುವವರಿಗೆ ಇದು ಗೊತ್ತಿರಬೇಕು.

ಕಿಟಕಿ ಸೀಟು:
ಅದು ಸ್ಟೇಜಿನ ಮಾತಾಯಿತು. ಪಾಡ್‌ಕಾಸ್ಟಿನಲ್ಲಿ ಒಂದೂವರೆ ಗಂಟೆ ಎದುರಾಬದುರು ಕೂತಾಗ ಯಾರೂ ಅಷ್ಟು ಹೊತ್ತು ವೇಷ ಹಾಕಿಕೊಂಡಿರಲು ಆಗಲ್ಲ. ಮ್ಯಾರನ್ ಜೊತೆ ನಟ, ಕಾಮಿಡಿಯನ್ ರಾಬಿನ್ ವಿಲಿಯಮ್ಸ್ ಮಾತಾಡಿದ 2010ರ ಕಂತು ಕೇಳಿ. ಕುಡಿತ, ಸೋಲು, ಸಾವಿನ ಯೋಚನೆ, ಎಲ್ಲ ಮೆಲ್ಲಗೆ ಹೇಳುತ್ತಾರೆ. 2014ರಲ್ಲಿ ಅವರು ಹೋದ ಮೇಲೆ ಅದನ್ನು ಮತ್ತೆ ಕೇಳಿದಾಗ ನನಗೆ ಬಸ್ಸಿನಿಂದ ಇಳಿಯುವ ಸ್ಟಾಪೇ ತಪ್ಪಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2022ರಲ್ಲಿ ಆ ಕಂತನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿತು.

ರಾತ್ರಿಪಾಳಿ:
ಎದುರಾಬದುರು ಕೂತರೆ ವೇಷ ಹಾಕಲು ಆಗಲ್ಲ ಅಂದಿರಿ. ಅದೇ 2010ರಲ್ಲಿ ಕಾಮಿಡಿಯನ್ ಲೂಯಿ ಸಿ.ಕೆ. ಜೊತೆ ಎರಡು ಭಾಗದ ಕಂತು ಬಂದಿತ್ತು. ಮ್ಯಾರನ್ ಮತ್ತು ಅವರು ಹಳೇ ಗೆಳೆಯರು, ಮಧ್ಯೆ ಮಾತು ಬಿಟ್ಟಿದ್ದವರು. ಮಗಳು ಹುಟ್ಟಿದ್ದನ್ನು ಹೇಳುತ್ತಾ ಸಿ.ಕೆ. ಗಂಟಲು ಕಟ್ಟಿ ಅಳುತ್ತಾರೆ. ನಾನೂ ಅತ್ತಿದ್ದೆ. 2017ರ ನವೆಂಬರ್‌ನಲ್ಲಿ ಐವರು ಮಹಿಳೆಯರು ಅವರ ಲೈಂಗಿಕ ದುರ್ನಡತೆಯ ಬಗ್ಗೆ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದರು, ಮಾರನೇ ದಿನ ಅವರೇ ನಿಜ ಅಂತ ಒಪ್ಪಿಕೊಂಡರು. ಮೊದಲೇ ಕೇಳಿದ್ದೆ, ಇಲ್ಲ ಅಂದಿದ್ದ ಅಂತ ಆಮೇಲೆ ಮ್ಯಾರನ್ ಹೇಳಿದರು. ಆ ಕಣ್ಣೀರು ಸುಳ್ಳಲ್ಲ ಅಂತಲೇ ನನಗನಿಸುತ್ತೆ. ಆದರೆ ಕಣ್ಣೀರು ನಿಜವಾಗಿದ್ದೂ ದೊಡ್ಡದೊಂದನ್ನು ಮುಚ್ಚಿಡಬಹುದು.

ನೇತ್ರಾವತಿ ದಡ ಅವರಿಗೂ ಒಂದು ಮಾತು. ನಾನು ಡಬ್ಲಿನ್‌ನಲ್ಲಿ ನರ್ಸ್. ಎಷ್ಟೋ ವರ್ಷ ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವಾಗ ಕ್ರೈಸ್ತ ಬೋಧಕ ರವಿ ಜಕರಾಯಸ್ ಅವರನ್ನು ಕೇಳುತ್ತಿದ್ದೆ. ಮದರಾಸಿನಲ್ಲಿ ಹುಟ್ಟಿ ದೆಹಲಿಯಲ್ಲಿ ಬೆಳೆದವರು. ಇಂಗ್ಲಿಷಿನಲ್ಲಿ ಮಾತಾಡಿದರೂ ನಮ್ಮ ಕಡೆಯ ದೊಡ್ಡಪ್ಪನ ದನಿ. ಚಳಿಗೆ ಕೈ ಜೇಬಲ್ಲಿಟ್ಟುಕೊಂಡು ನಿಂತಾಗ ಆ ದನಿಯೇ ನನಗೆ ಮನೆ. 2020ರ ಮೇನಲ್ಲಿ ಅವರು ತೀರಿಕೊಂಡಾಗ ಸ್ವಂತದವರು ಹೋದ ಹಾಗೆ ಅತ್ತೆ. 2021ರ ಫೆಬ್ರವರಿಯಲ್ಲಿ ಅವರ ಸಂಸ್ಥೆಯೇ ನೇಮಿಸಿದ್ದ ವಕೀಲರ ವರದಿ ಬಂತು. ಮಸಾಜ್ ಕೆಲಸದ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ. ಸಂಸ್ಥೆ ಕ್ಷಮೆ ಕೇಳಿತು.

ಅವರು ವಾಕ್ಯವನ್ನು ತಪ್ಪಾಗಿ ಓದಿರಲಿಲ್ಲ ಮೇಡಂ. ಚೆನ್ನಾಗಿಯೇ ಓದಿದ್ದರು. ಎಷ್ಟೋ ತಿಂಗಳು ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಲಿಲ್ಲ.

ನೇತ್ರಾವತಿ ದಡ:
ರಾತ್ರಿಪಾಳಿ, ಇದಕ್ಕೆ ತಕ್ಷಣ ಉತ್ತರ ಕೊಡುವುದು ಸರಿಯಲ್ಲ. ನೀವು ಬರೆದದ್ದನ್ನು ಎರಡು ಸಲ ಓದಿದೆ.

ಹಳೇ ರೇಡಿಯೊ:
ನಾನು ನಿವೃತ್ತ ಮೇಷ್ಟ್ರು. ಕ್ರೈಸ್ತನಲ್ಲ. ಮೊಮ್ಮಗಳು ತೋರಿಸಿಕೊಟ್ಟು 'ದ ರೈಸ್ ಅಂಡ್ ಫಾಲ್ ಆಫ್ ಮಾರ್ಸ್ ಹಿಲ್' ಕೇಳಿದೆ. ಕ್ರಿಶ್ಚಿಯಾನಿಟಿ ಟುಡೇ ಪತ್ರಿಕೆಯವರು 2021ರಲ್ಲಿ ಮಾಡಿದ್ದು. ಸಿಯಾಟಲ್‌ನ ಒಂದು ಸಭೆ, ಮಾರ್ಕ್ ಡ್ರಿಸ್ಕಲ್ ಅನ್ನುವ ಪಾಸ್ಟರ್. ಮಾತಿನ ಜೋರಿನಿಂದ ಅದು ಹಲವು ಊರುಗಳಿಗೆ ಹರಡಿತು, ಪ್ರಸಂಗಗಳು ಇಂಟರ್‌ನೆಟ್ಟಿನಲ್ಲಿ ಲೋಕವೆಲ್ಲ ಸುತ್ತಿದವು. ಕೊನೆಗೆ ಜೊತೆಯವರನ್ನು ತುಳಿದ ದೂರುಗಳು ಬಂದು 2014ರಲ್ಲಿ ಅವರು ಹೊರಗೆ ಹೋದರು, ಸಭೆಯೇ ಮುಚ್ಚಿತು. ದೂರದಲ್ಲಿ ಕೇಳುತ್ತಿದ್ದವರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಒಳಗಿದ್ದವರಿಗೆ ಕಾಣುತ್ತಿತ್ತು.

ನಮ್ಮೂರಿಗೆ ಹರಿಕಥೆ ದಾಸರು ಬಂದರೆ ಮೂರು ದಿನ ಉಳಿಯುತ್ತಿದ್ದರು. ಅವರ ಉಪಕಥೆಗೆ ಹೊಟ್ಟೆ ಹಿಡಿದು ನಗುತ್ತಿದ್ದೆವು, ಅದರ ಬೆನ್ನಿಗೇ ಕಣ್ಣು ಒದ್ದೆಯಾಗುತ್ತಿತ್ತು. ನಗಿಸುವವರು ಬೇರೆ, ಬೋಧಿಸುವವರು ಬೇರೆ ಅಂತ ನಮಗೆ ಗೊತ್ತೇ ಇರಲಿಲ್ಲ. ಆದರೆ ಬೆಳಗ್ಗೆ ಅದೇ ದಾಸರು ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಕಾಫಿ ತಂದುಕೊಟ್ಟ ಹುಡುಗಿಯ ಹತ್ತಿರ ಹೇಗೆ ಮಾತಾಡುತ್ತಾರೆ ಅಂತ ಅಜ್ಜಿ ನೋಡುತ್ತಿದ್ದರು. ಒಬ್ಬರನ್ನು ಮುಂದಿನ ವರ್ಷ ಕರೆಯಬೇಡಿ ಅಂತ ಅಜ್ಜಿಯೇ ಹೇಳಿದ್ದರು, ಯಾಕೆ ಅಂತ ನಮಗೆ ಹೇಳಲಿಲ್ಲ.

ಇಯರ್‌ಫೋನಿನಲ್ಲಿ ಜಗಲಿ ಇಲ್ಲ. ನನ್ನ ಚಿಂತೆ ಅಷ್ಟೇ.

ಹಲಸಿನ ತೊಳೆ:
ಮೇಷ್ಟ್ರೇ, ಜಗಲಿಯ ಮಾತು ಚೆನ್ನಾಗಿದೆ. ಆದರೆ ಜಗಲಿಯೇ ಇಲ್ಲದವರೂ ಇದ್ದಾರೆ. ಕಾಮಿಡಿಯನ್ ಪೀಟ್ ಹೋಮ್ಸ್ ಅವರ ಪಾಡ್‌ಕಾಸ್ಟ್ ಕೇಳಿದ್ದೀರಾ? 'ಯೂ ಮೇಡ್ ಇಟ್ ವಿಯರ್ಡ್', 2011ರಿಂದ ಇದೆ. ಭಕ್ತಿಯ ಕ್ರೈಸ್ತ ಮನೆ, ಕ್ರೈಸ್ತ ಕಾಲೇಜು, ಪಾಸ್ಟರ್ ಆಗೋಣ ಅಂತಿದ್ದ ಹುಡುಗ. 22ಕ್ಕೆ ಮದುವೆ. ಕೆಲವೇ ವರ್ಷಕ್ಕೆ ಹೆಂಡತಿ ಬಿಟ್ಟುಹೋದರು. ನಿಯಮ ಪಾಲಿಸಿದವನಿಗೆ ಹೀಗ್ಯಾಕೆ ಅಂತ ನಂಬಿಕೆಯೂ ಕುಸಿಯಿತು. ಆಮೇಲೆ ಬಂದ ಕಾಮಿಡಿಯನ್‌ಗಳಿಗೆಲ್ಲ ಜೋಕು ಹೇಗೆ ಬರೀತೀಯ ಅಂತಲೂ ಕೇಳುತ್ತಾರೆ, ಸತ್ತ ಮೇಲೆ ಏನಾಗುತ್ತೆ ಅಂತಲೂ ಕೇಳುತ್ತಾರೆ. ಸಭೆಯಲ್ಲಿ ಇದನ್ನು ಕೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಅಂಥ ಹುಡುಗರಿಗೆ ಇದೊಂದೇ ಜಾಗ.

ನೇತ್ರಾವತಿ ದಡ:
ಹೋಮ್ಸ್ ಕೇಳಿದ್ದೇನೆ. ಒಳ್ಳೆಯ ಮನುಷ್ಯ. ಆದರೆ ಪ್ರತಿ ಬಾಗಿಲನ್ನೂ ತೆರೆದೇ ಇಟ್ಟರೆ ಮಲಗುವುದೆಲ್ಲಿ? ನನಗೆ ಸುಸ್ತಾಗುತ್ತೆ.

ರಾತ್ರಿಪಾಳಿ ಅವರೇ, ರಾತ್ರಿಯೆಲ್ಲ ಯೋಚನೆ ಮಾಡಿದೆ. ಪಾದ್ರಿಯ ಮುಖ ನೆನಪಿರಬಾರದು ಅಂದೆನಲ್ಲ, ಅದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಮುಖ ಮರೆತರೆ ಆ ಹೆಣ್ಣುಮಕ್ಕಳನ್ನೂ ಮರೆತ ಹಾಗೆ. ವಾಕ್ಯ ನನ್ನದಾಗಿಯೇ ಇರುತ್ತೆ, ಅದನ್ನು ಅಂಥ ಬೋಧಕರಿಗೆ ಬಿಟ್ಟುಕೊಡಲ್ಲ. ಓದಿದವರಿಗೆ ನನ್ನ ಮನಸ್ಸನ್ನು ಒಪ್ಪಿಸುವುದು ಮಾತ್ರ ಇನ್ನಿಲ್ಲ.

ಕಿಟಕಿ ಸೀಟು:
ಕಾಮಿಡಿಯನ್ ಮಾತೇ ಹೆಚ್ಚು ನಿಜ ಅಂದದ್ದು ನಿಲ್ಲುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ನಾನ್ಯಾಕೆ ಹಾಗಂದೆ ಅಂತ ಹೇಳಿಬಿಡುತ್ತೇನೆ.

2020ರ ಮೇ ತಿಂಗಳಲ್ಲಿ ಮ್ಯಾರನ್ ಅವರ ಸಂಗಾತಿ, ನಿರ್ದೇಶಕಿ ಲಿನ್ ಶೆಲ್ಟನ್ ಇದ್ದಕ್ಕಿದ್ದ ಹಾಗೆ ತೀರಿಕೊಂಡರು. ಎರಡೇ ದಿನಕ್ಕೆ ಅವರು ಮೈಕಿನ ಮುಂದೆ ಕೂತರು. ಮಾತು ತುಂಡಾಗುತ್ತೆ, ಉಸಿರು ಕೇಳಿಸುತ್ತೆ. ಅದೇ ವರ್ಷ ಕೆಲ್ಲರ್‌ಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಗೊತ್ತಾಯಿತು. ಸಾವಿನ ಬಗ್ಗೆ ಎಷ್ಟೋ ಜನಕ್ಕೆ ಧೈರ್ಯ ಹೇಳಿದ ನನಗೇ ನನ್ನ ಸಾವು ನಂಬಲಾಗಲಿಲ್ಲ ಅಂತ ಅವರು ಮಾರನೇ ವರ್ಷ ಬರೆದರು. ಇಬ್ಬರನ್ನೂ ನಾನು ಒಂದೇ ಬಸ್ಸಿನಲ್ಲಿ, ಲಾಕ್‌ಡೌನ್ ಆದ ಮೇಲೆ ಖಾಲಿ ಓಡುತ್ತಿದ್ದ ಬಸ್ಸಿನಲ್ಲಿ ಕೇಳಿದೆ.

ನನಗೂ ಅಣ್ಣನಿಗೂ ಊರಿನ ಮನೆ ಪಾಲಿನ ವಿಷಯಕ್ಕೆ ಮಾತು ನಿಂತು ನಾಲ್ಕು ವರ್ಷ ಆಗಿತ್ತು. ಅಪ್ಪ-ಅಮ್ಮನನ್ನು ಕೊನೆಗೆ ನೋಡಿಕೊಂಡವನು ನಾನು. ಲೂಕ 15ರ ಇಬ್ಬರು ಮಕ್ಕಳ ಕಥೆಯಲ್ಲಿ ಕೆಲ್ಲರ್ ಮತ್ತೆ ಮತ್ತೆ ಹೇಳುವುದು ಮನೆಯಲ್ಲೇ ಉಳಿದ ಹಿರಿಯ ಮಗನ ಬಗ್ಗೆ. ತಾನು ಒಳ್ಳೆಯವನು ಅನ್ನುವ ಕಾರಣಕ್ಕೇ ಹಬ್ಬದೂಟಕ್ಕೆ ಒಳಗೆ ಬಾರದೆ ಹೊರಗೆ ನಿಂತವನು. ತಂದೆ ಹೊರಗೆ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಅಂತ ಯೇಸು ಹೇಳುವುದೇ ಇಲ್ಲ. ಆ ದಿನ ಗೊತ್ತಾಯಿತು, ವಯಸ್ಸಿನಲ್ಲಿ ಚಿಕ್ಕವನಾದರೂ ಹೊರಗೆ ನಿಂತಿರುವ ಹಿರಿಯ ಮಗ ನಾನೇ ಅಂತ.

ಗೊತ್ತಾಗಿದ್ದು ಕೆಲ್ಲರ್‌ರಿಂದ. ಆದರೆ ಬಾಯಿಗೆ ಮಾತು ಸಿಕ್ಕಿರಲಿಲ್ಲ. ಅದು ಮ್ಯಾರನ್‌ದು. ಮೆಜೆಸ್ಟಿಕ್ ಪ್ಲಾಟ್‌ಫಾರ್ಮಿನಲ್ಲಿ ನಿಂತು ಫೋನ್ ಮಾಡಿದೆ. "ಅಣ್ಣಾ, ನಮ್ಮಿಬ್ಬರ ಮಧ್ಯೆ ಸರಿ ಮಾಡ್ಕೊಳ್ಳೋಣ್ವಾ?" ಅಂದೆ. ಆ ಕಡೆ ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ "ಎಲ್ಲಿದ್ದೀಯ, ಊಟ ಆಯ್ತಾ?" ಅಂದ.

ರಾತ್ರಿಪಾಳಿ:
ಇದನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಆ ಹಿರಿಯ ಮಗನ ಪ್ರಸಂಗದ ಲಿಂಕ್ ಹಾಕುತ್ತೀರಾ? ಬೆಳಗ್ಗೆ ಬಸ್ಸಿಗೆ ಕಾಯುವಾಗ ಕೇಳಿ ನೋಡುತ್ತೇನೆ. ಮೊದಲ ಹತ್ತು ನಿಮಿಷ.

ಹಳೇ ರೇಡಿಯೊ:
ಅಣ್ಣನ ಮನೆಗೆ ಹೋಗಿ ಬಂದಿರಾ?

ಕಿಟಕಿ ಸೀಟು:
ಎರಡು ಸಲ ಹೋಗಿಬಂದೆ ಮೇಷ್ಟ್ರೇ. ಪಾಲಿನ ವಿಷಯ ಇನ್ನೂ ಮಾತಾಡಿಲ್ಲ. ರಾತ್ರಿಪಾಳಿ ಅವರೇ, ಲಿಂಕ್ ನಿಮಗೆ ಕಳಿಸಿದ್ದೇನೆ.